ಲಾಂಛನಕ್ಕೊಂದು ಕಮಾನು

ಊರಿನಿಂದ ನೆಂಟರು ಬಂದರೆಂದರೆ ದೆಹಲಿಯ ಕನ್ನಡಿಗರು ಮೊದಲು ಹೊರಡುವುದು ಕುತುಬ್ ಮಿನಾರಿಗೆ. ಆದರೆ ಅದರ ಮಗ್ಗುಲಲ್ಲೇ ಸುಮಾರು 200 ಎಕರೆಗಳಲ್ಲಿ ಹರಡಿರುವ ಮೆಹ್ರೌಲಿ ಪುರಾತತ್ವ ಉದ್ಯಾನದೊಳಗೆ ಕಾಲಿಟ್ಟವರು ನಮ್ಮಲ್ಲಿ ಎಷ್ಟು ಮಂದಿ? 1506ರ ಮೆಟ್ಟಿಲ ಬಾವಿ, ಜಮಾಲಿ ಕವಿಯ ಗೋರಿ, ಹೀಗೆ ನೂರಕ್ಕೆ ಕಡಿಮೆಯಿಲ್ಲದಷ್ಟು ಹಳೆಯ ಕಟ್ಟಡಗಳು ಮುಳ್ಳುಗಿಡಗಳ ನಡುವೆ ಅಲ್ಲಿವೆ. ಅವುಗಳ ಜೀರ್ಣೋದ್ಧಾರಕ್ಕೆ ಇಂಟ್ಯಾಕ್ ಸಂಸ್ಥೆ 1997ರಲ್ಲಿ ಕೈ ಹಾಕಿತು.

ನಾವು ಹತ್ತಾರು ಮನೆಗಳವರು, ಕನ್ನಡಿಗರೂ ನೆರೆಹೊರೆಯವರೂ, ಭಾನುವಾರ ಬೆಳಿಗ್ಗೆ ಅಲ್ಲಿ ಕಸ ಹೆಕ್ಕುತ್ತೇವೆ. ಮಕ್ಕಳಿಗೆ ಕಟ್ಟಡಗಳನ್ನು ತೋರಿಸುತ್ತೇವೆ. ಒಂದು ದಿನ ಕಾವಲುಗಾರನು ನಮ್ಮ ಗೋಣಿಚೀಲಗಳನ್ನು ನೋಡಿ, “ನೀವು ಯಾರು? ಏನು ಹೊತ್ತೊಯ್ಯುತ್ತಿದ್ದೀರಿ?” ಎಂದು ಗದರಿಸಿದ. ನಮಗೂ ಒಂದು ಗುರುತು ಬೇಕೆಂಬ ಯೋಚನೆ ಹುಟ್ಟಿದ್ದು ಅಂದೇ.

ಹೆಚ್ಚು ಮಂದಿ ಮಿನಾರನ್ನೇ ಬರೆಸೋಣವೆಂದರು. ಎಲ್ಲರೂ ಬಲ್ಲ ಆಕಾರವೇನೋ ನಿಜ. ಆದರೆ ಅದು ನಮ್ಮ ಉದ್ಯಾನದೊಳಗಿನದಲ್ಲ. ಪಕ್ಕದ ಮನೆಯ ತೋರಣವನ್ನು ನಮ್ಮ ಬಾಗಿಲಿಗೆ ಕಟ್ಟಿಕೊಂಡಂತಾದೀತು! ಕೊನೆಗೆ ಬಲ್ಬನ ಸುಲ್ತಾನನ ಗೋರಿಯ ಕಮಾನು ಒಪ್ಪಿಗೆಯಾಯಿತು. 13ನೆಯ ಶತಮಾನದ ಆ ಕಟ್ಟಡದ ಗುಮ್ಮಟ ಬಿದ್ದುಹೋಗಿದೆ, ಕಮಾನು ನಿಂತಿದೆ.

ಚಿತ್ರ ಬರೆದವಳು ನಮ್ಮ ಸದಸ್ಯರೊಬ್ಬರ ಮಗಳು. ನೋಡಿದವರೆಲ್ಲ ಮೆಚ್ಚಿದರು. ವಿಜಯಪುರದ ಕಡೆಯ ನಿವೃತ್ತ ಇಂಜಿನಿಯರರೊಬ್ಬರು ಮಾತ್ರ ಕನ್ನಡಕ ಸರಿಪಡಿಸಿಕೊಂಡು, “ಯವ್ವಾ, ಇದು ಇಲ್ಲೀ ಕಮಾನಲ್ಲ, ಬಾಜೂ ಮಸೀದೀದು!” ಎಂದರು.

ಅವರು ಹೇಳಿದ್ದು ಸರಿಯೇ. ಮಿನಾರಿನ ಬಳಿಯ ಮಸೀದಿಗೆ 12ನೆಯ ಶತಮಾನದ ಕೊನೆಯಲ್ಲಿ ಎದುರುಗೋಡೆ ಎಬ್ಬಿಸಿದ ಇಲ್ಲಿನ ಶಿಲ್ಪಿಗಳು ತಮಗೆ ತಿಳಿದ ರೀತಿಯಲ್ಲೇ ಕಲ್ಲನ್ನು ಅಡ್ಡಡ್ಡ ಪೇರಿಸಿ, ಒಂದೊಂದು ವರಸೆಯನ್ನೂ ತುಸು ಮುಂದೆ ಚಾಚಿ, ಅಂಚನ್ನು ಕಮಾನಿನಂತೆ ಕೆತ್ತಿದರು. ಬಲ್ಬನನ ಗೋರಿಯಲ್ಲಾದರೋ ಬೆಣೆಯಂತೆ ಕಡಿದ ಕಲ್ಲುಗಳು ಬೀಸಣಿಗೆಯ ಹಾಗೆ ನಿಂತು, ಒಂದನ್ನೊಂದು ಒತ್ತಿ, ಭಾರವನ್ನು ಪಕ್ಕದ ಗೋಡೆಗಳಿಗೆ ಇಳಿಸುತ್ತವೆ. ನಮ್ಮ ದೇಶದ ಸುಲ್ತಾನರ ಕಟ್ಟಡಗಳಲ್ಲಿ ಉಳಿದಿರುವ ನಿಜವಾದ ಕಮಾನುಗಳಲ್ಲಿ ಇದೇ ಅತ್ಯಂತ ಹಳೆಯದೆಂದು ಇತಿಹಾಸಜ್ಞರ ಎಣಿಕೆ. “ನಮ್ಮ ಗೋಲಗುಮ್ಮಟ ನಿಂತದ್ದೂ ಇಂಥಾ ಕಮಾನಿನ ಮ್ಯಾಲೇ,” ಎಂದು ರಾಯರು ಸೇರಿಸದೆ ಬಿಡಲಿಲ್ಲ.

ಹುಡುಗಿ ಮುಖ ಸಣ್ಣದು ಮಾಡಿಕೊಂಡಳು. ಆದರೂ ಮರುದಿನವೇ ಎರಡು ಕಡೆಗೂ ಹೋಗಿ, ಕಲ್ಲು ಕಲ್ಲನ್ನೂ ನೋಡಿ ಬಂದು, ಹೊಸದಾಗಿ ಬರೆದಳು. ಎದೆಯ ಬಿಲ್ಲೆ ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದು. ಅಷ್ಟರಲ್ಲಿ ಎಲ್ಲ ಕಲ್ಲುಗಳನ್ನೂ ತುಂಬಿದರೆ ಮಸಿಯ ಮುದ್ದೆಯಾಗುತ್ತದೆ. ಆದ್ದರಿಂದ ಏಳೇ ಕಲ್ಲು. ರಬ್ಬರ್ ಮೊಹರಿಗೂ ಒಪ್ಪಬೇಕಾದ್ದರಿಂದ ಒಂದೇ ಬಣ್ಣ. ನೆತ್ತಿಯ ಕಲ್ಲು ಮಾತ್ರ ಕೆಂಪಾಗಿರಲೆಂದು ನಮ್ಮ ಅಧ್ಯಕ್ಷರು ಸೂಚಿಸಿದರು. ಅದು ಯಾರ ಕಲ್ಲೆಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಖರ್ಚು ಹೆಚ್ಚಾಗುತ್ತದೆಂದು ಖಜಾಂಚಿಗಳೇ ತಳ್ಳಿಹಾಕಿದರು.

ಹೆಸರು ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಇದೆ. ಕನ್ನಡಕ್ಕೆ ಜಾಗವಿಲ್ಲದಿದ್ದುದು ನಮಗೆ ಸ್ವಲ್ಪ ಚುಚ್ಚಿತು. ನಮ್ಮ ಮಕ್ಕಳು ತಂತಮ್ಮ ಬಿಲ್ಲೆಗಳ ಹಿಂಬದಿಯಲ್ಲಿ ಕನ್ನಡದಲ್ಲಿ ಹೆಸರು ಬರೆದುಕೊಂಡಿದ್ದಾರೆ.

ಕಳೆದ ಭಾನುವಾರ ಅದೇ ಕಾವಲುಗಾರನು ಬಿಲ್ಲೆಯನ್ನು ಬೆಳಕಿಗೆ ಹಿಡಿದು ನೋಡಿ, “ಬಲ್ಬನನ ಬಾಗಿಲಲ್ಲವೇ ಇದು?” ಎಂದ.