ನಿಮಗಿದು ಗೊತ್ತೆ? ರೇಡಾರ್ ಬಿಟ್ಟು ಕ್ಯಾಮೆರಾವನ್ನೇ ನಂಬಿದ ಕಾರು

2021ರ ಮೇ ತಿಂಗಳಿನಿಂದ ಅಮೆರಿಕದ ಟೆಸ್ಲಾ ಕಂಪನಿ ಉತ್ತರ ಅಮೆರಿಕದ ಮಾರುಕಟ್ಟೆಗೆಂದು ತಯಾರಿಸುವ ಮಾಡೆಲ್ 3 ಮತ್ತು ಮಾಡೆಲ್ ವೈ ವಿದ್ಯುತ್ ಕಾರುಗಳಲ್ಲಿ ರೇಡಾರ್ ಅಳವಡಿಸುವುದನ್ನೇ ಬಿಟ್ಟಿತು. ಮುಂದಿನ ದಾರಿ ನೋಡುವ ಹೊಣೆ ಪೂರ್ತಿಯಾಗಿ ಕ್ಯಾಮೆರಾಗಳಿಗೆ ಬಂತು. ಮೊದಮೊದಲು ಈ ಕಾರುಗಳಲ್ಲಿ ಸ್ಟಿಯರಿಂಗ್ ತಾನೇ ತಿರುಗುವ ಸೌಲಭ್ಯ ಗಂಟೆಗೆ ಸುಮಾರು 120 ಕಿ.ಮೀ. ವೇಗದವರೆಗೆ ಮಾತ್ರ ಸಿಗುತ್ತಿತ್ತು.

ಕಾರಿನ ರೇಡಾರ್ ಸಾಮಾನ್ಯವಾಗಿ 77 ಗಿಗಾಹರ್ಟ್ಸ್ ಆಸುಪಾಸಿನ ರೇಡಿಯೋ ಅಲೆಗಳನ್ನು ಬಿಡುತ್ತದೆ. ಒಂದು ಅಲೆಯ ಉದ್ದ ಸುಮಾರು 4 ಮಿಲಿಮೀಟರ್, ಅಷ್ಟೇ! ಮುಂದಿನ ವಾಹನಕ್ಕೆ ತಾಗಿ ಮರಳಿದ ಅಲೆಯ ಆವರ್ತನದಲ್ಲಿ ಆಗುವ ವ್ಯತ್ಯಾಸದಿಂದ ನಮ್ಮ ಕಾರಿಗೆ ಹೋಲಿಸಿದರೆ ಆ ವಾಹನದ ವೇಗ ಎಷ್ಟೆಂದು ನೇರವಾಗಿ ತಿಳಿಯುತ್ತದೆ. ಇದೇ ಡಾಪ್ಲರ್ ಪರಿಣಾಮ. ಕತ್ತಲೆಯಾಗಲಿ ಮಂಜಾಗಲಿ ರೇಡಾರ್‌ಗೆ ದೊಡ್ಡ ಅಡ್ಡಿಯಲ್ಲ. ಕ್ಯಾಮೆರಾ ಮಾತ್ರ ಇದ್ದರೆ ಒಂದರ ಹಿಂದೊಂದು ಚಿತ್ರಗಳನ್ನು ಹೋಲಿಸಿ ವೇಗವನ್ನು ಲೆಕ್ಕ ಹಾಕಬೇಕು; ಎದುರು ಬಿಸಿಲು, ಗಾಜಿನ ಮೇಲಿನ ಕೆಸರು ಅದನ್ನು ಕಂಗೆಡಿಸುತ್ತವೆ.

ಹಾಗೆಂದು ರೇಡಾರ್ ಒಂದೇ ಸಾಲದು. ಸಿಗ್ನಲ್ ದೀಪದ ಬಣ್ಣ, ರಸ್ತೆಯ ಬಿಳಿ ಗೆರೆ ಅದಕ್ಕೆ ಕಾಣುವುದಿಲ್ಲ. ಎತ್ತರವನ್ನು ಸರಿಯಾಗಿ ಅಳೆಯಲಾಗದ ಹಳೆಯ ಬಗೆಯ ರೇಡಾರ್, ನಿಂತ ಲಾರಿಯನ್ನೂ ತಲೆಯ ಮೇಲಿನ ಸೇತುವೆಯನ್ನೂ ಬೇರ್ಪಡಿಸಲು ತಿಣುಕುತ್ತದೆ. ಸುಮ್ಮಸುಮ್ಮನೆ ಬ್ರೇಕ್ ಬೀಳುವುದಕ್ಕೆ ಇದೂ ಒಂದು ಕಾರಣ.