ಬರಿಗಾಲ ಪಡೆಯ ನಾಯಕರು

ಸೋತ ದಿನದಲ್ಲಿಯೂ ನಗೆಮಾತು ಹೊಳೆಯುವುದು ಎಲ್ಲರಿಗೂ ಸಾಧ್ಯವಲ್ಲ. ನಾಗಾ ಬೆಟ್ಟಗಳ ಡಾಕ್ಟರ್ ತಾಲಿಮೆರೆನ್ ಆವೊ ಅವರಿಗೆ ಅದು ಸಾಧ್ಯವಾಗಿದ್ದಿತು. 1948ನೆಯ ಇಸವಿ ಜುಲೈ 31ರಂದು, ಲಂಡನ್ ಒಲಿಂಪಿಕ್ ಕ್ರೀಡೆಗಳಲ್ಲಿ, ಸ್ವತಂತ್ರ ಭಾರತದ ಕಾಲ್ಚೆಂಡಿನ ತಂಡವು ಇವರ ನಾಯಕತ್ವದಲ್ಲಿ ಫ್ರಾನ್ಸನ್ನು ಎದುರಿಸಿತು. ನಮ್ಮವರಲ್ಲಿ ಬಹುಮಂದಿ ಬರಿಗಾಲಿನವರು. ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರು ಒಂದು ಗೋಲು ಹೊಡೆದರು. ಆದರೆ ದೊರೆತ ಎರಡು ಪೆನಾಲ್ಟಿಗಳೂ ವ್ಯರ್ಥವಾಗಿ, ಆಟದ ಕಡೆಯ ಗಳಿಗೆಯಲ್ಲಿ ಫ್ರೆಂಚರು ಹೊಡೆದ ಎರಡನೆಯ ಗೋಲಿನಿಂದ ಭಾರತವು ಸೋತಿತು.

ನಿಮ್ಮವರೇಕೆ ಬೂಟು ತೊಡುವುದಿಲ್ಲವೆಂದು ಪತ್ರಕರ್ತನೊಬ್ಬನು ಕೇಳಲು, ನಾವಾಡುವುದು ಫುಟ್‌ಬಾಲು, ನೀವಾಡುವುದು ಬೂಟ್‌ಬಾಲು ಎಂದು ಆವೊ ಅವರು ಉತ್ತರವಿತ್ತರೆಂಬುದು ಪ್ರಸಿದ್ಧವಾಗಿದೆ. ಫುಟ್ ಎಂದರೆ ಪಾದವಷ್ಟೆ. ಒಂದೇ ಅಕ್ಷರವನ್ನು ಮಾರ್ಪಡಿಸಿ, ನಮ್ಮ ಕೊರತೆಯನ್ನು ಶಾಸ್ತ್ರಸಮ್ಮತವನ್ನಾಗಿಯೂ ಅನ್ಯರ ಸೌಕರ್ಯವನ್ನು ಅಪಶಬ್ದವನ್ನಾಗಿಯೂ ಮಾಡಿಬಿಟ್ಟರು! ಬಹುಕಾಲ ಅಲಂಕಾರವನ್ನು ಪಾಠಹೇಳಿದ ನಮಗೆ ಈ ಉದಾಹರಣೆಯು ತರಗತಿಯಲ್ಲಿ ಒದಗದೆ ಹೋಯಿತಲ್ಲಾ ಎಂಬ ವ್ಯಸನವಿದೆ.

ಆದರೆ ಈ ವಿನೋದಶೀಲರ ಮನಸ್ಸು ನೆಟ್ಟಿದ್ದುದು ಬೇರೆಡೆಯಲ್ಲಿ. 1918ರಲ್ಲಿ ಚಾಂಗ್ಕಿ ಗ್ರಾಮದಲ್ಲಿ ಇವರ ಜನನ. ಪಾದ್ರಿಗಳಾಗಿದ್ದ ತಂದೆಯವರು 1935ರಲ್ಲಿ ವಿಷಮಶೀತಜ್ವರದಿಂದ ತೀರಿಕೊಂಡರು. ಮಗನು ವೈದ್ಯನಾಗಿ ಸ್ವಜನರ ಸೇವೆ ಮಾಡಬೇಕೆಂಬುದು ಅವರ ಇಚ್ಛೆಯಾಗಿತ್ತು. ಗುವಾಹಟಿಯಲ್ಲಿ ಕಾಟನ್ ಕಾಲೇಜು, ಮಹಾರಾಣಾ ಕ್ಲಬ್ಬು. ಅನಂತರ ಕಲ್ಕತ್ತೆಯಲ್ಲಿ ಕಾರ್ಮೈಕೆಲ್ ವೈದ್ಯಕಾಲೇಜು, 1943ರಿಂದ ಮೋಹನ್ ಬಾಗಾನ್ ಕ್ಲಬ್ಬು. ಹೀಗೆ ಊರು ಬದಲಾದರೂ ಪುಸ್ತಕವೂ ಚೆಂಡೂ ಜೊತೆಯಾಗಿಯೇ ಸಾಗಿದವು. ಮೋಹನ್ ಬಾಗಾನ್ ತಂಡಕ್ಕೂ ಅವರು ನಾಯಕರಾದರು. ಲಂಡನ್ನಿಗೆ ದೇಶದ ನಾಯಕರಾಗಿ ಹೋದಾಗ ವೈದ್ಯಪದವಿ ಇನ್ನೂ ಕೈಸೇರಿರಲಿಲ್ಲವೆಂಬುದನ್ನು, ಆಟವಾಡಿದರೆ ಓದು ಕೆಡುವುದೆನ್ನುವ ತಾಯ್ತಂದೆಗಳು ಗಮನಿಸಬೇಕು. ನಾವೂ ಹುಡುಗರಿಗೆ ಹಾಗೆಯೇ ಗದರಿಸಿದವರೇ! ಪದವಿಯು 1950ರಲ್ಲಿ ಬಂದಿತು.

1952ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ಭಾರತವು ಯುಗೋಸ್ಲಾವಿಯಕ್ಕೆ 10–1ರಿಂದ ಸೋತ ಬಳಿಕ ನಮ್ಮವರಿಗೂ ಬೂಟು ಕಡ್ಡಾಯವಾಯಿತು. ಬೂಟ್‌ಬಾಲೇ ಗೆದ್ದಿತೆನ್ನೋಣ. ಆವೊ ಅವರಾದರೋ ಆಟವನ್ನು ಬಿಟ್ಟು, 1953ರಲ್ಲಿ ಕೊಹಿಮಾದ ಆಸ್ಪತ್ರೆಯನ್ನು ಸೇರಿದರು. ಮುಂದೆ ನಾಗಾಲ್ಯಾಂಡಿನ ಆರೋಗ್ಯ ಇಲಾಖೆಯ ನಿರ್ದೇಶಕರಾಗಿ 1978ರಲ್ಲಿ ನಿವೃತ್ತರಾದರು. ತಂದೆಯವರು ಜ್ವರದಿಂದ ಮಡಿದ ಆ ಬೆಟ್ಟಗಳ ಸರ್ಕಾರೀ ಆಸ್ಪತ್ರೆಗಳೆಲ್ಲವೂ ಅಷ್ಟರಲ್ಲಿ ಮಗನ ಆಡಳಿತಕ್ಕೆ ಬಂದಿದ್ದವು. 1998ರಲ್ಲಿ ಅವರು ದಿವಂಗತರಾದರು.