ಮರೆಯುವ ಅಯಸ್ಕಾಂತ

ಹೊಳೆಯ ಮರಳಿನಲ್ಲಿ ಅಯಸ್ಕಾಂತವನ್ನು ಆಡಿಸಿದರೆ ಕರಿಯ ಹುಡಿಯು ಮೀಸೆಯಂತೆ ಅದರ ತುದಿಗೆ ಅಂಟಿಕೊಳ್ಳುವುದನ್ನು ನಮ್ಮ ವಾಚಕರಲ್ಲಿ ಅನೇಕರು ಬಾಲ್ಯದಲ್ಲಿ ಕಂಡಿರಬಹುದು. ಆ ಹುಡಿಯನ್ನು ಪೊಟ್ಟಣ ಕಟ್ಟಿ ತಂದು ನಮ್ಮ ಮೇಜಿನ ಮೇಲೆ ಚೆಲ್ಲಿದ ಹುಡುಗರೂ ಉಂಟು. ಅದು ಬಹುಮಟ್ಟಿಗೆ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಅದಿರು. 2005ರವರೆಗೆ ಕುದುರೆಮುಖದಲ್ಲಿ ಅಗೆಯುತ್ತಿದ್ದುದೂ ಇದನ್ನೇ. ಇದೇ ವಸ್ತುವನ್ನು ಅತಿಸೂಕ್ಷ್ಮವಾದ ಕಣಗಳನ್ನಾಗಿ ಮಾಡಿದರೆ ಅದರ ಸ್ವಭಾವವೇ ಬೇರೆಯಾಗುವುದು.

ಅತಿಸೂಕ್ಷ್ಮವೆಂದರೆ ಎಷ್ಟು? ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಅದರ ಒಂದು ಭಾಗಕ್ಕೆ ನ್ಯಾನೋಮೀಟರ್ ಎಂದು ಹೆಸರು. ತಲೆಗೂದಲಿನ ದಪ್ಪವು ಸುಮಾರು 80,000 ನ್ಯಾನೋಮೀಟರ್. ನಾವು ಹೇಳುವ ಕಣದ ಅಡ್ಡಳತೆಯು ಹತ್ತೋ ಹದಿನೈದೋ.

ಹೊಲಿಗೆಯ ಸೂಜಿಯನ್ನು ಅಯಸ್ಕಾಂತಕ್ಕೆ ಉಜ್ಜಿದರೆ ಸೂಜಿಯೂ ಅಯಸ್ಕಾಂತವಾಗಿ, ಆ ಗುಣವನ್ನು ಬಹುಕಾಲ ಉಳಿಸಿಕೊಳ್ಳುವುದು. ನ್ಯಾನೋಕಣವು ಹಾಗಲ್ಲ. ಅಯಸ್ಕಾಂತವು ಸಮೀಪದಲ್ಲಿರುವಷ್ಟು ಹೊತ್ತು ಅದರ ಕಡೆಗೆ ಓಡುವುದು. ಅದನ್ನು ಸರಿಸಿದೊಡನೆ ಎಲ್ಲವನ್ನೂ ಮರೆಯುವುದು. ಕಣವು ಅಷ್ಟು ಕಿರಿದಾದುದರಿಂದ, ಕೋಣೆಯ ಸಾಮಾನ್ಯ ಶಾಖವೇ ಅದರ ಧ್ರುವಗಳನ್ನು ಕ್ಷಣಕ್ಷಣಕ್ಕೂ ತಿರುಗಿಸಿಹಾಕುತ್ತದೆ. ಫ್ರಾನ್ಸಿನ ಲೂಯಿ ನೀಲ್ ಎಂಬ ವಿದ್ವಾಂಸರು 1949ರಲ್ಲಿ ಇದರ ಗಣಿತವನ್ನು ತೋರಿಸಿಕೊಟ್ಟರು.

ಶಿಷ್ಯರು ಮರೆತರೆ ನಮಗೆ ಕೋಪ ಬರುತ್ತಿದ್ದಿತು. ಇಲ್ಲಿಯಾದರೋ ಮರೆವೇ ಗುಣ. ಮರೆಯದೆ ಒಂದಕ್ಕೊಂದು ಅಂಟಿ ಗಂಟಾಗುವ ಕಣಗಳನ್ನು ರಕ್ತನಾಳದೊಳಕ್ಕೆ ಬಿಡಬಹುದೇ?

2020ರ ಕೊರೋನಾ ಕಾಲದಲ್ಲಿ ಮೂಗಿನ ದ್ರವವನ್ನು ಪರೀಕ್ಷೆಗೆ ಕೊಟ್ಟವರು ಅನೇಕರು. ಅನೇಕ ಪ್ರಯೋಗಶಾಲೆಗಳಲ್ಲಿ ಆ ದ್ರವಕ್ಕೆ ಇಂತಹ ಕಣಗಳನ್ನು ಹುದುಗಿಸಿದ ಸಣ್ಣ ಮಣಿಗಳನ್ನು ಸೇರಿಸುತ್ತಿದ್ದರು. ರೋಗಾಣುವಿನ ಆರ್‌ಎನ್‌ಎ ಮಣಿಗಳಿಗೆ ಅಂಟುವುದು. ನಳಿಕೆಯ ಪಕ್ಕಕ್ಕೆ ಅಯಸ್ಕಾಂತವನ್ನು ಹಿಡಿದರೆ ಮಣಿಗಳೆಲ್ಲ ಗೋಡೆಗೆ ಸೇರುವುವು. ಕೊಳೆಯನ್ನು ತೊಳೆದು ಅಯಸ್ಕಾಂತವನ್ನು ತೆಗೆದರೆ ಪುನಃ ಚದರುವುವು.

ದೇಹಕ್ಕೆ ನಾಟಿದ ಕಬ್ಬಿಣದ ಶಲ್ಯವನ್ನು ಅಯಸ್ಕಾಂತದಿಂದ ಸೆಳೆದು ತೆಗೆಯುವ ಕ್ರಮವು ಸುಶ್ರುತಸಂಹಿತೆಯಲ್ಲಿದೆ. (ಪ್ರಾಚೀನರು ನ್ಯಾನೋಕಣಗಳನ್ನು ಬಲ್ಲವರಾಗಿದ್ದರೆಂದು ನಾವು ಹೇಳುತ್ತಿಲ್ಲ, ಹಾಗೆ ಹೇಳುವವರು ಬೇರೆ ಇದ್ದಾರೆ.) ಈಗಿನ ವೈದ್ಯರು ಕಬ್ಬಿಣವನ್ನು ಬೇಕೆಂದೇ ಒಳಕ್ಕೆ ಕಳುಹಿಸುತ್ತಾರೆ. ಜರ್ಮನಿಯಲ್ಲಿ ರೂಪಿಸಿದ ಒಂದು ಚಿಕಿತ್ಸೆಗೆ 2010ರಲ್ಲಿ ಯೂರೋಪಿನಲ್ಲಿ ಅನುಮತಿ ದೊರೆಯಿತು. ಮಿದುಳಿನ ಅರ್ಬುದದೊಳಕ್ಕೇ ಕಣಗಳನ್ನು ಚುಚ್ಚಿ, ಸೆಕೆಂಡಿಗೆ ಸುಮಾರು ಒಂದು ಲಕ್ಷ ಬಾರಿ ಅದಲುಬದಲಾಗುವ ಕಾಂತಕ್ಷೇತ್ರದಲ್ಲಿ ರೋಗಿಯನ್ನು ಇರಿಸುವರು. ಕಣಗಳು ಬಿಸಿಯಾಗಿ ಅರ್ಬುದವನ್ನು ಒಳಗಿನಿಂದ ಕಾಯಿಸುವುವು. ಜೊತೆಗೆ ವಿಕಿರಣ ಚಿಕಿತ್ಸೆಯೂ ನಡೆಯುವುದು. ಹಲ್ಲಿನಲ್ಲಿ ಲೋಹವಿದ್ದರೆ ಮೊದಲೇ ತೆಗೆಸಬೇಕು. ಇಲ್ಲವಾದರೆ ಅದೂ ಕಾಯುವುದು. ಇದರಿಂದ ರೋಗವು ನಿರ್ಮೂಲವಾಯಿತೆಂದು ಯಾರೂ ನಂಬತಕ್ಕದ್ದಲ್ಲ.

ಮೂತ್ರಪಿಂಡದ ರೋಗದಿಂದ ರಕ್ತಹೀನರಾದವರಿಗೆ ಸಕ್ಕರೆಯಂತಹ ವಸ್ತುವಿನ ಕವಚ ತೊಡಿಸಿದ ಕಣಗಳನ್ನೇ ಕಬ್ಬಿಣದ ಔಷಧವಾಗಿ ಕೊಡಲು ಅಮೆರಿಕವು 2009ರಲ್ಲಿ ಒಪ್ಪಿತು. ಕೆಲವರಿಗೆ ಪ್ರಾಣಾಂತಕ ಅಲರ್ಜಿಯಾದುದರಿಂದ 2015ರಲ್ಲಿ ಕಠಿಣವಾದ ಎಚ್ಚರಿಕೆಯನ್ನೂ ಸೇರಿಸಬೇಕಾಯಿತು.

ಇಷ್ಟನ್ನು ಓದಿ, ಸಂತೆಯಲ್ಲಿ ಮಾರುವ ಕಾಂತದ ಬಳೆಗೂ ಇದೇ ಶಕ್ತಿಯಿರಬಹುದೆಂದು ಯಾವ ಗೃಹಸ್ಥರೂ ಭ್ರಮಿಸಬಾರದು. ರಕ್ತದಲ್ಲಿ ಕಬ್ಬಿಣವಿರುವುದೇನೋ ನಿಜ. ಆದರೆ ಅದು ಮ್ಯಾಗ್ನೆಟೈಟ್ ಅಲ್ಲ. ಆಮ್ಲಜನಕ ತುಂಬಿದ ರಕ್ತವನ್ನು ಅಯಸ್ಕಾಂತವು ಸೆಳೆಯುವುದಿಲ್ಲ, ತೀರ ಅಲ್ಪವಾಗಿ ದೂರವೇ ತಳ್ಳುವುದು.